ರಜೆಗೆ ಯಾರ ಮನೆಗೆ ಹೋಗೋಣ?

ಪಾಸ್ಕ ಹಬ್ಬವೂ ಮಕ್ಕಳ ಬೇಸಗೆ ರಜೆಯೂ ಕೆಲವು ವರ್ಷ ಜೊತೆಜೊತೆಯಾಗಿ ಬರುತ್ತವೆ, ಕೆಲವು ವರ್ಷ ಒಂದನ್ನೊಂದು ಕಾಯುವುದಿಲ್ಲ. ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗಿನ ಯಾವ ಭಾನುವಾರಕ್ಕಾದರೂ ಬೀಳಬಹುದಷ್ಟೆ. 2024ರಲ್ಲಿ ಅದು ಮಾರ್ಚ್ 31ಕ್ಕೇ ಬಂದುಬಿಟ್ಟಿತು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳಿದ್ದವರು ಊರಿನ ಮಾತೆತ್ತುವಂತಿರಲಿಲ್ಲ. 2025ರಲ್ಲಿ ಏಪ್ರಿಲ್ 20ಕ್ಕೆ ಬಂದಾಗ ಶಾಲೆಗಳಿಗೆ ರಜೆ ಕೊಟ್ಟಾಗಿತ್ತು. ಅಂಥ ವರ್ಷ ಪವಿತ್ರ ಗುರುವಾರದ ಹೊತ್ತಿಗೇ ಬೆಂಗಳೂರಿನ ಬಸ್ ನಿಲ್ದಾಣಗಳಲ್ಲಿ ನಮ್ಮವರ ಮುಖಗಳು ಕಾಣಿಸತೊಡಗುತ್ತವೆ. ಮೈಸೂರು, ಕೊಳ್ಳೇಗಾಲ, ಹಾಸನದ ಕಡೆಗೆ ಹೊರಟವರು. ಕನಕಪುರ ತಾಲ್ಲೂಕಿನ ಹಾರೋಬೆಲೆಗೆ, ಶುಭ ಶುಕ್ರವಾರ ಅಲ್ಲಿ ಆಡುವ ಪ್ರಭುವಿನ ಪಾಡುಗಳ ನಾಟಕ ನೋಡಲು ಹೊರಟವರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬೇಕರಿಯ ಡಬ್ಬ ಹಿಡಿದು ಸೀಟಿಗಾಗಿ ಓಡುವವರು. ಪಾಸ್ಕ ತಪ್ಪಿಹೋದ ವರ್ಷಕ್ಕೆ ಮೇ ತಿಂಗಳಿದೆ. ಅದು ಮಾತೆ ಮರಿಯಮ್ಮನವರ ತಿಂಗಳು. ಹಳ್ಳಿಗಳಲ್ಲಿ ಸಂಜೆ ಜಪಸರ, ಕೆಲವು ಧರ್ಮಕೇಂದ್ರಗಳಲ್ಲಿ ತೇರು.

ಹೋಗುವುದೇನೋ ಸರಿ. ಆದರೆ ಯಾಕೆ ಹೋಗುತ್ತೀರಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಮಕ್ಕಳಿಗೆ ರಜೆ, ಅದಕ್ಕೆ ಎನ್ನುತ್ತೇವೆ. ವರ್ಷಕ್ಕೊಮ್ಮೆಯಾದರೂ ಮುಖ ತೋರಿಸದಿದ್ದರೆ ಜನ ಏನೆಂದುಕೊಂಡಾರು ಎನ್ನುತ್ತೇವೆ. ಊರಿನ ಗಾಳಿ, ಮಾವಿನಹಣ್ಣು, ಅಜ್ಜಿಯ ಕೈಯಡುಗೆ ಎನ್ನುತ್ತೇವೆ. ಇದಾವುದೂ ಸುಳ್ಳಲ್ಲ. ಆದರೂ ಈ ಉತ್ತರಗಳಲ್ಲೆಲ್ಲ ಹೋಗುವವರ ವಿಷಯವೇ ಇದೆ. ಆ ಮನೆಯಲ್ಲಿ ಇರುವವರ ಸುದ್ದಿಯೇ ಇಲ್ಲ. ಬಂಧುಗಳ ಮನೆಗೆ ಹೋಗುವುದು ನಮ್ಮ ಹಕ್ಕೋ, ನಾವು ತೀರಿಸಬೇಕಾದ ಋಣವೋ? ಋಣವೇ ಆದರೆ ಯಾವ ಮನೆಯ ಋಣವನ್ನು ಮೊದಲು ತೀರಿಸಬೇಕು? ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಎಷ್ಟೋ ಕುಟುಂಬಗಳು ಒಡೆದಿರುವುದು ಇಂಥ ಸಣ್ಣ ವಿಷಯದಲ್ಲಿಯೇ.

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇದೆ. ನಿಮ್ಮ ಮನೆಯ ಮದುವೆಗೆ ನಾನು ಇಷ್ಟು ಹಾಕಿದೆ, ನನ್ನ ಮನೆಯ ಮದುವೆಗೆ ನೀವು ಅಷ್ಟಕ್ಕೆ ಕಡಿಮೆಯಿಲ್ಲದೆ ಹಾಕಬೇಕು. ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವರೂ ಉಂಟು. ಇದರಲ್ಲಿ ಒಳ್ಳೆಯದೂ ಇದೆ. ಬಡವನ ಮನೆಯ ಮದುವೆ ಎಷ್ಟೋ ಸಲ ಈ ಮುಯ್ಯಿಯಿಂದಲೇ ನಡೆದಿದೆ. ಆದರೆ ಹೋಗಿ ಬರುವುದಕ್ಕೂ ಇದೇ ಲೆಕ್ಕ ಹತ್ತಿಕೊಂಡಾಗ ಕಷ್ಟ. ಹೋದ ಬೇಸಗೆಯಲ್ಲಿ ಅವರು ನಮ್ಮ ಮನೆಗೆ ಬರಲಿಲ್ಲ, ಈ ಸಲ ನಾವೇಕೆ ಹೋಗಬೇಕು? ಅವರು ನಮಗೆ ಮಾಡಿದ್ದು ಬರೀ ಕೋಳಿ ಸಾರು, ನಾವು ಅವರಿಗೆ ಮಟನ್ ಬಿರಿಯಾನಿಯನ್ನೇ ಮಾಡಿದ್ದೆವಲ್ಲ! ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯನ್ನು ಕಟ್ಟಿದವರು ಮನುಷ್ಯನ ಹೊಟ್ಟೆಯನ್ನೂ ಹೃದಯವನ್ನೂ ಒಟ್ಟಿಗೆ ಬಲ್ಲವರಾಗಿರಬೇಕು. ಮಟನ್ ದುಬಾರಿಯಾಗಿರುವ ಕಾಲದಲ್ಲಿ ಆ ಗಾದೆಯ ಅಕ್ಕಿ ಇನ್ನಷ್ಟು ತೂಕವಾಗಿದೆ.

ಈ ವಿಷಯದಲ್ಲಿ ಶುಭಸಂದೇಶವನ್ನು ಕೇಳಲು ಹೋದರೆ ಮೊದಲು ಸ್ವಲ್ಪ ಗಾಬರಿಯಾಗುತ್ತದೆ. ಯೇಸುಸ್ವಾಮಿ ಬಂಧುಬಳಗದ ಬಗ್ಗೆ ನಯವಾದ ಮಾತುಗಳನ್ನಾಡಿದವರಲ್ಲ. ತಾಯಿಯೂ ಸಹೋದರರೂ ಹೊರಗೆ ಕಾದಿದ್ದಾರೆ ಎಂದಾಗ, ದೇವರ ಚಿತ್ತವನ್ನು ನಡೆಸುವವರೇ ತಮಗೆ ತಾಯಿ, ಸಹೋದರ, ಸಹೋದರಿ ಎಂದರು. ಔತಣ ಮಾಡುವಾಗ ಸ್ನೇಹಿತರನ್ನು, ಸಹೋದರರನ್ನು, ನೆಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ ಎಂದು ಕರೆದವನ ಮನೆಯಲ್ಲಿ ಕುಳಿತೇ ಹೇಳಿದರು. ಸಂತ ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಅದಿದೆ. ನೆಂಟರನ್ನೇ ಬಿಟ್ಟು ಹಬ್ಬ ಮಾಡುವುದು ಹೇಗೆ ಸ್ವಾಮಿ ಎಂದು ನಮ್ಮ ಅಜ್ಜಿಯಂದಿರು ಕೇಳಿಯಾರು.

ಹಾಗೆಂದು ಪ್ರಭು ಬಂಧುಗಳಿಲ್ಲದೆ ಬೆಳೆದವರಲ್ಲ. ಅದೇ ಸಂತ ಲೂಕನು ಎರಡನೆಯ ಅಧ್ಯಾಯದಲ್ಲಿ ಒಂದು ಕುಟುಂಬದ ಹಬ್ಬದ ಪ್ರಯಾಣವನ್ನು ವರ್ಣಿಸುತ್ತಾನೆ. ಜೋಸೆಫರೂ ಮರಿಯಮ್ಮನವರೂ ಪ್ರತಿವರ್ಷ ಪಾಸ್ಕಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು. ಬಾಲಯೇಸುವಿಗೆ ಹನ್ನೆರಡು ವರ್ಷವಾಗಿದ್ದಾಗ ಹಿಂದಿರುಗುವ ದಾರಿಯಲ್ಲಿ ಮಗ ಜೊತೆಗಿಲ್ಲವೆಂಬುದು ಇಡೀ ಒಂದು ದಿನದ ಪ್ರಯಾಣ ಮುಗಿಯುವವರೆಗೂ ತಂದೆತಾಯಿಯ ಗಮನಕ್ಕೆ ಬರಲಿಲ್ಲ. ಯಾಕೆ? ಬಂಧುಬಳಗದವರ ಜೊತೆ ಎಲ್ಲೋ ಬರುತ್ತಿದ್ದಾನೆ ಎಂದುಕೊಂಡಿದ್ದರು. ಮಗನನ್ನು ಅಷ್ಟು ನಂಬಿ ಬಿಡುವಂಥ ಚಿಕ್ಕಪ್ಪ ದೊಡ್ಡಪ್ಪಂದಿರು, ಅತ್ತೆ ಮಾವಂದಿರು ಆ ಗುಂಪಿನಲ್ಲಿ ಇದ್ದರೆಂದಾಯಿತು. ಊರ ಜಾತ್ರೆಯಲ್ಲಿ ಮಕ್ಕಳನ್ನು ಸೋದರಮಾವನ ಸುಪರ್ದಿಗೆ ಬಿಟ್ಟು ನಿಶ್ಚಿಂತೆಯಾಗಿರುವ ನಮ್ಮ ತಾಯಂದಿರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ಔತಣದ ಮಾತಿಗೆ ಏನರ್ಥ? ಪ್ರಭು ಅಲ್ಲಿ ಕೊಡುವ ಕಾರಣವನ್ನು ಗಮನಿಸಬೇಕು. ನೆಂಟರೂ ಸಿರಿವಂತರೂ ತಿರುಗಿ ಕರೆದಾರು, ಅಲ್ಲಿಗೆ ನಿನಗೆ ಮುಯ್ಯಿ ತೀರಿತು ಎಂಬುದೇ ಅವರ ಆಕ್ಷೇಪಣೆ. ಅವರು ಕೈಯಿಟ್ಟದ್ದು ನಮ್ಮ ನೋಟ್‌ಪುಸ್ತಕದ ಮೇಲೆ. ಬಂಧುತ್ವದಲ್ಲಿ ತಪ್ಪಿಲ್ಲ, ತಿರುಗಿ ಬರುವುದನ್ನು ನೋಡಿಕೊಂಡು ಬಂಧುಗಳನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿದೆ. ಬಡವರನ್ನೂ ಅಂಗವಿಕಲರನ್ನೂ ಕರೆ ಎಂದು ಅವರು ಹೇಳಿದಾಗ, ಆ ಬಡವರೂ ಯಾರದೋ ಚಿಕ್ಕಮ್ಮ, ಯಾರದೋ ತಮ್ಮ ಎಂಬುದು ಅವರಿಗೆ ತಿಳಿಯದೆ ಇರಲಿಲ್ಲ. ನಮ್ಮ ಬಂಧುಬಳಗದೊಳಗೇ ತಿರುಗಿ ಕರೆಯಲಾರದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ಇದಕ್ಕೆ ನಮ್ಮ ಪೂಜಾಪಂಚಾಂಗದಲ್ಲಿಯೇ ಒಂದು ಹಬ್ಬವಿದೆ, ನಾವು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮೇ 31, ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬ. ಮೊದಲು ಇದು ಜುಲೈ 2ಕ್ಕೆ ಬರುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಪೂಜಾಪಂಚಾಂಗವನ್ನು ತಿದ್ದಿದಾಗ ಮೇ ಕೊನೆಗೆ ಬಂತು. ನಮ್ಮ ಕರ್ನಾಟಕದಲ್ಲಿ ಅದು ಶಾಲೆಗಳು ಮತ್ತೆ ತೆರೆಯುವ ಆಸುಪಾಸಿನ ದಿನ. ಊರಿಗೆ ಹೋದವರು ಹಿಂದಿರುಗಿ ಸಮವಸ್ತ್ರಕ್ಕೂ ಪುಸ್ತಕಗಳಿಗೂ ದುಡ್ಡು ಹೊಂದಿಸುವ ಗಡಿಬಿಡಿಯಲ್ಲಿರುವಾಗ ಧರ್ಮಸಭೆಯು ನೆಂಟರ ಮನೆಗೆ ಹೋದ ಒಬ್ಬ ಹೆಣ್ಣುಮಗಳ ಕಥೆಯನ್ನು ಓದಿಸುತ್ತದೆ.

ಆ ಕಥೆಯನ್ನು ಒಮ್ಮೆ ನಿಧಾನವಾಗಿ ನೋಡಿರಿ. ನಜರೇತಿನಿಂದ ಜುದೇಯದ ಬೆಟ್ಟದ ಸೀಮೆಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಜೆರುಸಲೇಮಿನ ಪಶ್ಚಿಮಕ್ಕಿರುವ ಐನ್ ಕರೀಮ್ ಎಂಬ ಊರೇ ಅದು ಎಂಬುದು ಪರಂಪರೆಯ ನಂಬಿಕೆ. ಮರಿಯಮ್ಮನವರು ಆಗ ತಾನೇ ಗರ್ಭವತಿ. ಅವರು ಹೋದದ್ದು ಯಾವ ಮನೆಗೆ? ವಯಸ್ಸು ಮೀರಿದ ಮೇಲೆ ಗರ್ಭ ಧರಿಸಿ ಐದು ತಿಂಗಳು ಮನೆಯಿಂದ ಹೊರಗೆ ಬಾರದಿದ್ದ ಒಬ್ಬ ಮುತ್ತೈದೆ, ಮಾತು ನಿಂತುಹೋಗಿರುವ ಗಂಡ. ಅಲ್ಲಿ ಔತಣ ಕಾದಿರಲಿಲ್ಲ. ಅವರು ಬರುತ್ತಾರೆಂದು ಯಾರೂ ಬಾಗಿಲಲ್ಲಿ ನಿಂತಿರಲಿಲ್ಲ. ಬಂದ ಸುದ್ದಿ ತಿಳಿದದ್ದು ಅವರ ವಂದನೆಯ ದನಿಯಿಂದ. ಸುಮಾರು ಮೂರು ತಿಂಗಳು ಅಲ್ಲಿದ್ದರು. ಆ ಮೂರು ತಿಂಗಳು ಏನು ಮಾಡಿದರೆಂದು ಸಂತ ಲೂಕನು ಒಂದು ಮಾತನ್ನೂ ಬರೆದಿಲ್ಲ. ಆರನೆಯ ತಿಂಗಳಿಂದ ಒಂಬತ್ತನೆಯ ತಿಂಗಳವರೆಗೆ ಬಸುರಿಯೊಬ್ಬಳಿರುವ ಮನೆಯಲ್ಲಿ ಮೂಕ ಗಂಡನ ಜೊತೆ ಒಬ್ಬ ಹರೆಯದ ಹೆಣ್ಣುಮಗಳು ಇದ್ದಳೆಂದರೆ ನೀರು ಯಾರು ತಂದರು, ಒಲೆ ಯಾರು ಹೊತ್ತಿಸಿದರು ಎಂಬುದನ್ನು ಬರೆಯಬೇಕಾದ ಅಗತ್ಯ ಅವನಿಗೆ ಕಾಣಲಿಲ್ಲವೇನೋ. ನಮ್ಮ ಹೆಣ್ಣುಮಕ್ಕಳಿಗಂತೂ ಹೇಳದೆಯೇ ತಿಳಿಯುತ್ತದೆ.

ನೀರಿನ ಮಾತು ಬಂತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಅದರ ಮುಂದಿನ ಬೇಸಗೆಯಲ್ಲಿ ಬೆಂಗಳೂರಿನಲ್ಲಿಯೇ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಸಾಲು ನಿಂತರು. ಅಂಥ ಏಪ್ರಿಲ್ಲಿನಲ್ಲಿ ಹಳ್ಳಿಯ ಒಂದು ಮನೆಗೆ ಆರು ಜನ ನೆಂಟರು ಹತ್ತು ದಿನಕ್ಕೆ ಬಂದಿಳಿದರೆ ಏನಾಗುತ್ತದೆ ಎಂಬುದನ್ನು ಆ ಮನೆಯ ಸೊಸೆಯನ್ನು ಕೇಳಬೇಕು. ಎರಡು ದಿನಕ್ಕೊಮ್ಮೆ ಬರುವ ನಲ್ಲಿ, ಅದೂ ನಸುಕಿನಲ್ಲಿ. ಪಟ್ಟಣದ ಮಕ್ಕಳಿಗೆ ಬಕೆಟ್ಟಿನ ಲೆಕ್ಕ ತಿಳಿಯದು. ಅತ್ತೆ ಜಗುಲಿಯ ಮೇಲೆ ಮಗಳೊಡನೆ ವರ್ಷದ ಸುಖದುಃಖ ಮಾತಾಡುತ್ತಿರುತ್ತಾರೆ; ಗಂಡಸರು ಮರದ ನೆರಳಿನಲ್ಲಿ ರಾಜಕೀಯ ಬಗೆಹರಿಸುತ್ತಿರುತ್ತಾರೆ; ಸೊಸೆ ಒಬ್ಬಳೇ ಮೂರು ಹೊತ್ತು ಹನ್ನೆರಡು ಮಂದಿಗೆ ಮುದ್ದೆ ತೊಳಸುತ್ತಿರುತ್ತಾಳೆ. ಅವಳಿಗೂ ಒಂದು ತವರುಮನೆ ಇದೆ, ಅವಳ ಮಕ್ಕಳಿಗೂ ರಜೆ ಇದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ನಮ್ಮ ರಜೆ ಅವಳಿಗೆ ವರ್ಷದ ಅತಿ ಕಷ್ಟದ ತಿಂಗಳಾಗಿದ್ದರೆ ಆ ಹಬ್ಬದಲ್ಲಿ ಪರಮಪ್ರಸಾದ ಸ್ವೀಕರಿಸಿ ಬಂದವರು ಅವಳ ಕೈಯಿಂದ ಸೌಟು ತೆಗೆದುಕೊಳ್ಳಲು ಹಿಂದೆಮುಂದೆ ನೋಡಬೇಕೆ? ಮಾರ್ತಳು ಪ್ರಭುವಿನ ಹತ್ತಿರ ಹೇಳಿಕೊಂಡದ್ದು ತನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾರೆ ಎಂಬ ಸಂಕಟವನ್ನು. ಪ್ರವಚನಗಳಲ್ಲಿ ಆಕೆಯ ತಂಗಿಯನ್ನು ಹೊಗಳುವ ಭರದಲ್ಲಿ ನಾವು ಆ ಸಂಕಟವನ್ನು ಬೇಗನೆ ದಾಟಿಬಿಡುತ್ತೇವೆ. ಗಂಡಸರು ಕೂಡ ಬಕೆಟ್ ಹಿಡಿದು ನಲ್ಲಿಗೆ ಹೋದರೆ ಅಂತಸ್ತು ಕುಗ್ಗಿಹೋಗದು.

2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ರಾಜಕೀಯ ಮಾತಾಡುವವರು ಅದರ ಲಾಭನಷ್ಟ ಮಾತಾಡಿಕೊಳ್ಳಲಿ. ಕೂಲಿ ಮಾಡುವ ಒಬ್ಬ ತಾಯಿ ಗಂಡನ ಮುಂದೆ ಟಿಕೆಟಿನ ದುಡ್ಡಿಗೆ ಕೈಚಾಚದೆ ತನ್ನ ತವರಿಗೆ ಹೋಗಿಬರುವಂತಾಯಿತು ಎಂಬುದನ್ನು ಮಾತ್ರ ಹೇಳಲೇಬೇಕು. ದುಡ್ಡಿಲ್ಲದೆ ಹೋಗಲಾಗಲಿಲ್ಲ ಎಂಬ ಮಾತು ಬಹಳ ಮನೆಗಳಲ್ಲಿ ನಿಜವಾಗಿತ್ತು. ಈಗ ಅದರ ಮರೆಯಲ್ಲಿದ್ದ ಬೇರೆ ಕಾರಣಗಳು ಒಂದೊಂದಾಗಿ ಹೊರಗೆ ಬರುತ್ತಿವೆ.

ತವರಿನ ಮಾತಿಗೆ ಬಂದಮೇಲೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ವಿಷಯವನ್ನು ಆಡಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಆತನ ಹೆಂಡತಿಗೆ, ಉಳಿದ ಎರಡು ಭಾಗ ಮಕ್ಕಳಿಗೆ. ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಕೇರಳದ ಹಳೆಯ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೂ ಇದೇ ನ್ಯಾಯವೆಂದು 1986ರಲ್ಲಿ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾಯ್ದೆ ಇಷ್ಟು ಸ್ಪಷ್ಟವಾಗಿದ್ದರೂ ನಡೆಯುವುದೇನು? ಅಪ್ಪ ತೀರಿಕೊಂಡ ವರ್ಷ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಹಬ್ಬಕ್ಕೆ ಪ್ರೀತಿಯಿಂದಲೇ ಕರೆಯುತ್ತಾರೆ. ಊಟವಾಗುತ್ತದೆ, ಸೀರೆ ಕೊಡುತ್ತಾರೆ. ಮಾರನೆಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅವಳು ಹಾಕುತ್ತಾಳೆ. ಏಕೆ ಹಾಕಿದೆ ಎಂದರೆ, ನಾಳೆ ತವರಿಗೆ ಬರುವ ದಾರಿ ಬೇಕಲ್ಲ ಎನ್ನುತ್ತಾಳೆ. ಹಾಕದವಳಿಗೆ ಮುಂದಿನ ಹಬ್ಬಕ್ಕೆ ಕರೆ ಬರುವುದಿಲ್ಲ.

ಈಗ ಹೇಳಿರಿ, ಆ ಅಣ್ಣನ ಮನೆಯ ಔತಣ ಆತಿಥ್ಯವೇ? ವರ್ಷಕ್ಕೆ ಹತ್ತು ದಿನದ ಊಟ, ಒಂದು ಸೀರೆ, ಮಕ್ಕಳ ಕೈಗೆ ನೂರೋ ಇನ್ನೂರೋ ರೂಪಾಯಿ. ಅದಕ್ಕೆ ಬದಲಾಗಿ ಅರ್ಧ ಎಕರೆ ಗದ್ದೆ. ನೆಂಟರಿಗೆ ಉಪಚಾರ ಮಾಡುತ್ತಿದ್ದೇವೆಂದು ನಾವು ಹೆಮ್ಮೆ ಪಡುವಾಗ ನಿಜವಾಗಿ ಅವರದನ್ನೇ ಅವರಿಗೆ ಚೂರುಚೂರಾಗಿ ಬಡಿಸುತ್ತಿರಬಹುದು. ಬಡವರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ ಎಚ್ಚರಿಸಿದೆ. ಅದು ಮನೆಯೊಳಗಿನ ಅಕ್ಕತಂಗಿಯರಿಗೂ ಅನ್ವಯಿಸಬೇಕು. ಸ್ವಂತ ಇಚ್ಛೆಯಿಂದ ತಮ್ಮನ ಬಡತನ ನೋಡಿ ಪಾಲು ಬಿಟ್ಟುಕೊಟ್ಟ ಅಕ್ಕಂದಿರೂ ಇದ್ದಾರೆ. ಅವರ ಮಾತು ಬೇರೆ, ಅದು ದೊಡ್ಡತನ. ಆದರೆ ಕೇಳಿಕೊಂಡು ಬಿಟ್ಟದ್ದು ಎಷ್ಟು, ಹೆದರಿ ಬಿಟ್ಟದ್ದು ಎಷ್ಟು ಎಂಬುದು ಸಹಿ ಹಾಕಿಸಿಕೊಂಡವನ ಮನಸ್ಸಿಗೆ ತಿಳಿದೇ ಇರುತ್ತದೆ. ತಪಸ್ಸುಕಾಲದಲ್ಲಿ ಮಾಂಸ ಬಿಡುವ ನಮ್ಮ ಗಂಡಸರು ಒಂದು ವರ್ಷ ಆ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಓದಿದರೆ ಚೆನ್ನ.

ಇಷ್ಟೆಲ್ಲ ಬರೆಯುವಾಗ ಪಟ್ಟಣದ ಕುಟುಂಬಗಳ ಕಷ್ಟವೂ ಕಣ್ಣ ಮುಂದಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ; ಇಬ್ಬರಿಗೂ ಒಟ್ಟಿಗೆ ಸಿಗುವುದು ನಾಲ್ಕು ದಿನ. ಆ ನಾಲ್ಕು ದಿನ ಮಕ್ಕಳನ್ನು ಕರೆದುಕೊಂಡು ಊಟಿಗೋ ಸಮುದ್ರತೀರಕ್ಕೋ ಹೋದರೆ ಅದು ಪಾಪವೆಂದು ಯಾವ ಧರ್ಮಗುರುವೂ ಹೇಳುವುದಿಲ್ಲ. ಗಂಡ ಹೆಂಡತಿ ನೆಮ್ಮದಿಯಾಗಿ ಒಟ್ಟಿಗೆ ಕುಳಿತುಕೊಳ್ಳುವುದೂ ಕುಟುಂಬಕ್ಕೆ ಮಾಡುವ ಸೇವೆಯೇ. ಇನ್ನೊಂದು ಮಾತು. ಕೆಲವು ಮನೆಗಳಿಗೆ ಹೋಗದೆ ಇರುವುದೇ ಸರಿಯಾದ ಕರ್ತವ್ಯ. ಕುಡಿದು ಹೊಡೆಯುವ ಮಾವ, ಮಕ್ಕಳ ಮೇಲೆ ಕೆಟ್ಟ ಕೈಯಿಡುವ ಬಂಧು ಇರುವ ಕಡೆಗೆ ನೆಂಟಸ್ತಿಕೆಯ ಹೆಸರಿನಲ್ಲಿ ಮಗುವನ್ನು ಕಳುಹಿಸುವುದು ಕ್ಷಮೆಯೂ ಅಲ್ಲ, ಭಕ್ತಿಯೂ ಅಲ್ಲ. ಅಲ್ಲಿಗೆ ಹೋಗುವುದಿಲ್ಲವೆಂದು ಮಗು ಹಟ ಹಿಡಿದರೆ ಗದರಿಸುವ ಮೊದಲು ಹತ್ತಿರ ಕೂರಿಸಿಕೊಂಡು ಏಕೆಂದು ಕೇಳಿರಿ. ಮನೆತನದ ಮಾನಕ್ಕಾಗಿ ಇದನ್ನು ಮುಚ್ಚಿಟ್ಟ ಅನೇಕರು ಆಮೇಲೆ ಅತ್ತಿದ್ದಾರೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಇಂಥದನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧವೂ ಹೌದು.

ಅವನ್ನು ಬಿಟ್ಟರೂ, ನಾವು ದಾಟಿಹೋಗುವ ಮನೆಗಳು ಇನ್ನೂ ಉಳಿಯುತ್ತವೆ. ಪ್ರತಿ ಬಳಗದಲ್ಲೂ ಅಂಥ ಒಂದು ಮನೆ ಇದೆ. ಊರಿಗೆ ಹೋಗುತ್ತೇವೆ, ದೊಡ್ಡಪ್ಪನ ಮನೆಯಲ್ಲಿ ಇಳಿಯುತ್ತೇವೆ, ಸೋದರಮಾವನ ತೋಟಕ್ಕೆ ಹೋಗುತ್ತೇವೆ. ಅದೇ ಬೀದಿಯ ಕೊನೆಯಲ್ಲಿ ಗಂಡನನ್ನು ಕಳೆದುಕೊಂಡ ಚಿಕ್ಕಮ್ಮನೊಬ್ಬಳು ಹೆಂಚಿನ ಮನೆಯಲ್ಲಿದ್ದಾಳೆ. ಅವಳ ಮಗ ಕೆಲಸವಿಲ್ಲದೆ ಅಲೆಯುತ್ತಾನೆ. ಹೋದರೆ ಕುರ್ಚಿ ಇಲ್ಲ, ಕಷ್ಟ ಹೇಳಿಕೊಂಡಾಳು, ಸಾಲ ಕೇಳಿಯಾಳು. ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಹತ್ತಿರ ಸಿಕ್ಕಿದಾಗ, ಬರುತ್ತೇವೆ ಚಿಕ್ಕಮ್ಮ, ಈ ಸಲ ಪುರುಸೊತ್ತಿಲ್ಲ ಎಂದು ಹೇಳಿ ಮಕ್ಕಳ ಕೈ ಹಿಡಿದು ಸರಸರನೆ ನಡೆಯುತ್ತೇವೆ. ಅವಳು ನಮಗಾಗಿ ಅಂಗಡಿಯಿಂದ ಸಾಲಕ್ಕೆ ಬಿಸ್ಕತ್ತಿನ ಪೊಟ್ಟಣ ತರಿಸಿಟ್ಟಿದ್ದಳೆಂಬುದು ನಮಗೆ ತಿಳಿಯುವುದೇ ಇಲ್ಲ. ತಿಳಿಯುವುದು ಮಕ್ಕಳಿಗೆ. ಯಾವ ಮನೆಯಲ್ಲಿ ಚಪ್ಪಲಿ ಬಿಟ್ಟು ಕೂರಬೇಕು, ಯಾವ ಮನೆಯ ಹೊಸ್ತಿಲಲ್ಲೇ ನಿಂತು ಮಾತಾಡಿ ಬರಬೇಕು ಎಂಬುದನ್ನು ಅವರು ನಮ್ಮನ್ನು ನೋಡಿ ಕಲಿಯುತ್ತಾರೆ. ಜ್ಞಾನೋಪದೇಶದ ಪುಸ್ತಕದಲ್ಲಿ ಎಷ್ಟು ಪಾಠ ಓದಿದರೂ ಈ ಪಾಠ ಅಳಿಸದು.

ವಯಸ್ಸಾದವರ ವಿಷಯವೂ ಹೀಗೆಯೇ. ಪೋಪ್ ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರಿಗೂ ವೃದ್ಧರಿಗೂ ಒಂದು ವಿಶ್ವದಿನವನ್ನು ಸ್ಥಾಪಿಸಿದರು. ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವು ಜುಲೈ 26ಕ್ಕೆ ಬರುವುದರಿಂದ, ಅದಕ್ಕೆ ಹತ್ತಿರವಾಗಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಗೊತ್ತು ಮಾಡಿದರು. ಒಂಟಿಯಾಗಿರುವ ವೃದ್ಧರನ್ನು ಆ ದಿನಗಳಲ್ಲಿ ಹೋಗಿ ನೋಡಿಬರುವವರಿಗೆ ಪೂರ್ಣ ದಂಡವಿಮೋಚನೆಯನ್ನೂ ಸಾರಲಾಯಿತು. ಆದರೆ ನಮ್ಮಲ್ಲಿ ಜುಲೈ ಎಂದರೆ ಮಳೆಗಾಲ, ಶಾಲೆಯ ಕಾಲ. ನಮ್ಮ ಅಜ್ಜಿಯರು ಮೊಮ್ಮಕ್ಕಳ ಮುಖ ಕಾಣುವುದು ಬೇಸಗೆಯಲ್ಲಿಯೇ. ಆಗಲೂ ಮೊಮ್ಮಕ್ಕಳ ಮುಖ ಮೊಬೈಲಿನ ಕಡೆಗೆ ಬಾಗಿದ್ದರೆ ಅಜ್ಜಿ ನೆತ್ತಿಯನ್ನಷ್ಟೇ ನೋಡಬೇಕಾಗುತ್ತದೆ. ಅಜ್ಜಿಗೆ ಗೊತ್ತಿರುವ ಕಥೆಗಳು, ಹಳೆಯ ಕೀರ್ತನೆಗಳು, ಯಾವ ವರ್ಷ ಯಾವ ಸ್ವಾಮಿಗಳು ಊರಿಗೆ ಬಂದರು, ಯಾವ ಬರಗಾಲದಲ್ಲಿ ಯಾರು ಯಾರ ಮನೆಗೆ ರಾಗಿ ಕೊಟ್ಟರು ಎಂಬುದೆಲ್ಲ ಇನ್ನು ನಾಲ್ಕು ಬೇಸಗೆಯಲ್ಲಿ ಅವರ ಜೊತೆಗೇ ಹೋಗುತ್ತದೆ. ಕೇಳುವವರಿದ್ದರೆ ಅವರು ರಾತ್ರಿಯೆಲ್ಲ ಹೇಳಿಯಾರು.

ಎಲ್ಲಕ್ಕಿಂತ ಕಷ್ಟದ ಮನೆ ಎಂದರೆ ಮಾತು ಬಿಟ್ಟ ಮನೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಬದುವಿನ ಮೇಲಿನ ಒಂದು ಬೇವಿನ ಮರಕ್ಕೆ ಹದಿನೈದು ವರ್ಷ ಕೋರ್ಟಿಗೆ ಅಲೆದವರನ್ನು ನಾವು ಕಂಡಿದ್ದೇವೆ. ಯೇಸುಸ್ವಾಮಿಯ ಹತ್ತಿರವೂ ಒಬ್ಬ ಹೀಗೆ ಬಂದು, ಆಸ್ತಿ ಪಾಲು ಮಾಡಿಕೊಡುವಂತೆ ನನ್ನಣ್ಣನಿಗೆ ಹೇಳಿ ಎಂದು ಕೇಳಿದ. ಪ್ರಭು ಪಂಚಾಯಿತಿ ಮಾಡಲು ಒಪ್ಪಲಿಲ್ಲ. ದುರಾಶೆಯ ವಿಷಯದಲ್ಲಿ ಎಚ್ಚರವಾಗಿರಿ ಎಂದಷ್ಟೇ ಹೇಳಿದರು. ದುಂದುಗಾರ ಮಗನ ಕಥೆಯಲ್ಲಿಯೂ ಹಬ್ಬದ ಮನೆಯೊಳಗೆ ಹಾಡು ಕುಣಿತ ನಡೆದಿರುವಾಗ ಹಿರಿಯ ಮಗ ಹೊರಗೆ ನಿಂತಿದ್ದಾನೆ. ಒಳಗೆ ಹೋದನೋ ಇಲ್ಲವೋ ಪ್ರಭು ಹೇಳಲಿಲ್ಲ.

ಸಂದರ್ಶನದ ಹಬ್ಬಕ್ಕೂ ಇಂಥದೇ ಒಂದು ಜಗಳದ ಹಿನ್ನೆಲೆ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. 1378ರಿಂದ 1417ರವರೆಗೆ ಪಶ್ಚಿಮದ ಧರ್ಮಸಭೆ ಒಡೆದ ಮನೆಯಾಗಿತ್ತು. ರೋಮಿನಲ್ಲಿ ಒಬ್ಬರು ಪೋಪ್, ಫ್ರಾನ್ಸಿನ ಆವಿನ್ಯೋನ್‌ನಲ್ಲಿ ಇನ್ನೊಬ್ಬರು. ರಾಜರು, ಧರ್ಮಾಧ್ಯಕ್ಷರು, ಮಠಗಳು ಎರಡು ಪಕ್ಷವಾಗಿದ್ದವು. ಆಗ 1389ರಲ್ಲಿ ರೋಮಿನ ಆರನೇ ಉರ್ಬಾನರು, ಮಾತೆಯು ಎಲಿಜಬೇತಮ್ಮನ ಮನೆಗೆ ಹೋದಂತೆ ತನ್ನ ಮಗನೊಡನೆ ಒಡೆದ ಧರ್ಮಸಭೆಗೂ ಬರಲಿ, ಈ ಭೇದ ನಿಲ್ಲಲಿ ಎಂಬ ಆಶೆಯಿಂದ ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಧಿಸಿದರು. ಎದುರು ಪಕ್ಷದವರು ಏನು ಮಾಡಿದರು? ಹಬ್ಬ ಆ ಕಡೆಯಿಂದ ಬಂದದ್ದು ಎಂದು ಆಚರಿಸಲು ಒಪ್ಪಲಿಲ್ಲ! ಬಾಸೆಲ್ ಸಭೆ ಅದನ್ನು ಮತ್ತೆ ದೃಢಪಡಿಸಿದ್ದು 1441ರಲ್ಲಿ. ಸಂಧಾನಕ್ಕೆ ಇಟ್ಟ ಹಬ್ಬವೂ ಜಗಳಕ್ಕೆ ಸಿಕ್ಕಿಕೊಂಡಿತು. ಓರಗಿತ್ತಿ ಕಳಿಸಿದ ಕಜ್ಜಾಯವನ್ನು ಹಸುವಿಗೆ ಹಾಕಿದ ಮನೆಗಳನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಹಾಗೆಂದು ಕಳಿಸುವುದನ್ನು ಬಿಟ್ಟವರು ಯಾರು? ನಾನು ಬಲ್ಲ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮೈದುನನ ಮನೆಯವರಿಗೂ ಇವರಿಗೂ ಗೋಡೆಯೊಂದರ ಕಾರಣಕ್ಕೆ ಮಾತಿರಲಿಲ್ಲ. ಪಾಸ್ಕ ಹಬ್ಬದ ಭಾನುವಾರ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಎಲೆ ಹಾಕಿಕೊಂಡು ಕುಳಿತರೂ ಅಜ್ಜಿ ಬಡಿಸುತ್ತಿರಲಿಲ್ಲ. ಮೊದಲು ಒಂದು ಸ್ಟೀಲ್ ಡಬ್ಬಿಗೆ ಸಾರು ತುಂಬಿಸಿ ಹಿರಿಯ ಮೊಮ್ಮಗನ ಕೈಗೆ ಕೊಟ್ಟು, ಚಿಕ್ಕತಾತನ ಮನೆಗೆ ಕೊಟ್ಟು ಬಾ ಎನ್ನುತ್ತಿದ್ದರು. ಬಾಗಿಲು ತೆಗೆಯ‌ದಿದ್ದರೆ? ಜಗುಲಿಯ ಮೇಲಿಟ್ಟು ಬಾ. ಅವರು ಬೈದರೆ? ಬೈಸಿಕೊಂಡು ಬಾ. ಮೊದಲ ವರ್ಷ ಡಬ್ಬಿ ಸಂಜೆಯವರೆಗೂ ಜಗುಲಿಯ ಮೇಲೆಯೇ ಇತ್ತು. ಎರಡನೆಯ ವರ್ಷ ತೊಳೆದು ಬೋರಲಾಗಿ ಗೋಡೆಯ ಮೇಲೆ ಇಟ್ಟಿದ್ದರು. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಬರಿದಾಗಿ ಬಂದರೆ ಅದಕ್ಕೊಂದು ಅರ್ಥವಿದೆ. ಅಜ್ಜಿ ಆ ಅರ್ಥವನ್ನು ತಿಳಿದೂ ತಿಳಿಯದವರಂತೆ ಡಬ್ಬಿಯನ್ನು ಒಳಗೆ ತೆಗೆದಿಟ್ಟರು. ಮೂರನೆಯ ವರ್ಷ ಡಬ್ಬಿಯೊಳಗೆ ನಾಲ್ಕು ನಿಂಬೆಹಣ್ಣು ಇದ್ದವು. ಮೈದುನ ಆಮೇಲೆಯೂ ಆ ಮನೆಗೆ ಬರಲಿಲ್ಲ. ಅಜ್ಜಿ ತೀರಿಕೊಂಡ ದಿನ ಗುಂಡಿ ತೋಡಲು ಹಾರೆ ಹಿಡಿದು ಎಲ್ಲರಿಗಿಂತ ಮೊದಲು ಬಂದವನು ಅವನ ಮಗ.